ನಡೆದಾಡುವ ಗೋಡೆ

ಗೋಡೆಗೆ ಕಿವಿ ಇರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಕಾಲೂ ಇರುತ್ತದೆ ಎಂಬುದು ನನಗೆ ಗೊತ್ತಾದದ್ದು ಮನೆಯ ಕಂಪ್ಯೂಟರನ್ನೂ ಕಚೇರಿಯ ಕಂಪ್ಯೂಟರುಗಳನ್ನೂ ಒಂದೇ ನೆಟ್‌ವರ್ಕಿಗೆ ಸೇರಿಸಿದ ಮೇಲೆ.

ನಮ್ಮದು ಕೆಳಗೆ ಕಚೇರಿ, ಮೇಲೆ ಮನೆ. ಕಚೇರಿಯಲ್ಲಿ ನನ್ನ ಗಂಡ ಮತ್ತು ಅವರ ಅಣ್ಣ, ಅಂದರೆ ನನ್ನ ಭಾವ, ಕಂಡವರಿಗೆಲ್ಲ ಮನೆಯ ನಕ್ಷೆ ಬರೆದುಕೊಡುತ್ತಾರೆ. ನಾನು ಫೋನು ಎತ್ತುತ್ತೇನೆ, ನಕ್ಷೆಗಳಿಗೆ ಅಳತೆ ತುಂಬುತ್ತೇನೆ, ಇಬ್ಬರ ಸಿಟ್ಟೂ ಗಿರಾಕಿಗಳವರೆಗೆ ಹೋಗದಂತೆ ನೋಡಿಕೊಳ್ಳುತ್ತೇನೆ. ಮೇಲಿನ ಮನೆಯಲ್ಲಿ ನಾವೆಲ್ಲ ಒಟ್ಟಿಗೇ ಇದ್ದೇವೆ: ಭಾವ, ಓರಗಿತ್ತಿ, ನಾವಿಬ್ಬರು, ನಡುವಿನ ಕೋಣೆಯಲ್ಲಿ ಅತ್ತೆ.

ಎಲ್ಲ ಕಂಪ್ಯೂಟರಿಗೂ ಒಂದೇ ಫೋಲ್ಡರ್ ಇರಬೇಕೆನ್ನುವುದು ಭಾವನ ಹಟ. ಪೆನ್ ಡ್ರೈವ್ ಹಿಡಿದು ಮೆಟ್ಟಿಲು ಹತ್ತಿಳಿದು ಮೊಣಕಾಲು ಸವೆಯಿತಂತೆ. ಅವರು ದಿನಕ್ಕೆ ಒಮ್ಮೆ ಹತ್ತುವುದೂ ನಾನು ನೋಡಿದ್ದು ಅಪರೂಪ, ಆದರೂ ಮೊಣಕಾಲು ಅವರದು, ನಾನು ಮಾತಾಡಲಿಲ್ಲ. ನನ್ನ ಗಂಡ ಎರಡು ಭಾನುವಾರ ಮಂಚದ ಕೆಳಗೆಲ್ಲ ತೂರಿ ಕೇಬಲ್ ಎಳೆದರು. ರಜೆಯಲ್ಲೂ ದುಡಿಯುವ ಭಾವನಿಗಾಗಿ ನಕ್ಷೆಯ ಸಾಫ್ಟ್‌ವೇರ್ ಮೇಲಿನ ಕಂಪ್ಯೂಟರಿಗೂ ಬಂತು. ಕೆಳಗೆ ಗೆರೆ ಎಳೆದರೆ ಮೇಲೆ ಕಾಣುತ್ತಿತ್ತು. ಅಣ್ಣ ತಮ್ಮಂದಿರು ಒಬ್ಬರ ಬೆನ್ನು ಒಬ್ಬರು ತಟ್ಟಿಕೊಂಡರು. ಮನೆಯಲ್ಲಿ ಅಷ್ಟೊಂದು ಒಗ್ಗಟ್ಟನ್ನು ನಾನು ಮದುವೆಯಾಗಿ ಬಂದಾಗಿನಿಂದ ಕಂಡಿರಲಿಲ್ಲ.

ಆ ಒಗ್ಗಟ್ಟಿನಲ್ಲಿ ಅವರು ಮೊದಲು ಮಾಡಿದ ಕೆಲಸ ಮನೆಯನ್ನು ಎರಡು ಮಾಡುವ ನಕ್ಷೆ. ಹಜಾರದ ನಡುವೆ ಒಂದು ಗೋಡೆ, ಆಚೆಗೊಂದು ಅಡುಗೆಮನೆ, ಈಚೆಗೊಂದು. ಫೈಲಿಗೆ ‘ಹಳೆಯ ಗೋದಾಮು’ ಎಂದು ಹೆಸರಿಟ್ಟು ಎಲ್ಲರ ಫೋಲ್ಡರಿನಲ್ಲೇ ಇಟ್ಟರು. ಅತ್ತೆಗೆ ಗೊತ್ತಾಗುವುದಿಲ್ಲವೇ ಎಂದು ಕೇಳಿದ್ದಕ್ಕೆ ಇಬ್ಬರೂ ನಕ್ಕರು. ಅಮ್ಮ ಕಂಪ್ಯೂಟರಿನಲ್ಲಿ ಇಸ್ಪೀಟು ಆಡುತ್ತಾಳೆ, ದೂರದ ಊರಿನಲ್ಲಿ ಓದುವ ಮೊಮ್ಮಗಳ ಫೋಟೋ ನೋಡುತ್ತಾಳೆ, ಅಷ್ಟೇ. ಸಮಯ ನೋಡಿ ಹೇಳೋಣ ಎಂದರು. ಬೆಕ್ಕಿಗೆ ಗಂಟೆ ಕಟ್ಟುವ ಸಮಯ ಯಾವಾಗ ಬಂದೀತು ಹೇಳಿ.

ಎಲ್ಲ ಸರಿಯಾಗಿತ್ತು, ಅತ್ತೆಯ ಕೋಣೆಯೊಂದನ್ನು ಬಿಟ್ಟು. ಅದು ನಟ್ಟನಡುವೆ ಇತ್ತು. ಗೋಡೆ ಅದರ ಎಡಕ್ಕೆ ಬಂದರೆ ಕೋಣೆ ನಮ್ಮ ಪಾಲಿಗೆ, ಬಲಕ್ಕೆ ಬಂದರೆ ಭಾವನ ಪಾಲಿಗೆ. ಬಿಟ್ಟಿಯಾಗಿ ಒಂದು ಕೋಣೆ ಸಿಗುತ್ತದೆಂದರೆ ಯಾರು ಬೇಡವೆನ್ನುತ್ತಾರೆ? ನಮ್ಮವರಿಬ್ಬರಿಗೂ ಬೇಡವಾಗಿತ್ತು, ಏಕೆಂದರೆ ಕೋಣೆಯ ಜೊತೆಗೆ ಅತ್ತೆಯೂ ಬರುತ್ತಿದ್ದರು.

ಬಾಯಿಬಿಟ್ಟು ಯಾರೂ ಹೇಳಲಿಲ್ಲ. ಎಷ್ಟಾದರೂ ಹೆತ್ತ ತಾಯಿ. ಒಂದು ಬೆಳಿಗ್ಗೆ ಅಳತೆ ತುಂಬಲು ಫೈಲು ತೆಗೆದರೆ ಗೋಡೆ ಎಡಕ್ಕಿತ್ತು. ಮಧ್ಯಾಹ್ನ ನನ್ನ ಗಂಡ ಅದೇ ಫೈಲಿನಲ್ಲಿ ಸದ್ದಿಲ್ಲದೆ ಅದನ್ನು ಬಲಕ್ಕೆ ತಳ್ಳಿದರು. ಮಾರನೆಯ ದಿನ ಮತ್ತೆ ಎಡಕ್ಕೆ. ಅಣ್ಣ ತಮ್ಮನನ್ನು ಕೇಳಲಿಲ್ಲ, ತಮ್ಮ ಅಣ್ಣನನ್ನು ಕೇಳಲಿಲ್ಲ. ಊಟಕ್ಕೆ ಕೂತಾಗ ಇನ್ನಷ್ಟು ಹಾಕ್ಕೋ ಎಂದು ಒಬ್ಬರಿಗೊಬ್ಬರು ಉಪಚಾರ ಬೇರೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನಾನು ಗೋಡೆ ನಿಂತಲ್ಲಿಗೆ ಹೊಸ ಅಳತೆ ಬರೆಯುತ್ತಿದ್ದೆ. ಮನಸ್ಸಿನಲ್ಲಿ ಇಬ್ಬರನ್ನೂ ಬೈಯುತ್ತಿದ್ದೆ, ಅದಕ್ಕೇನೂ ಖರ್ಚಿರಲಿಲ್ಲ.

ಹೀಗೆ ಗೋಡೆ ಅಡ್ಡಾಡುತ್ತಿರುವಾಗ ಒಂದು ಬೆಳಿಗ್ಗೆ ಭಾವ ತಮ್ಮ ಮೇಜಿನಿಂದಲೇ ಗೊಣಗಿದರು. ಗೋದಾಮಿನ ಫೈಲು ಬೇರೊಂದು ಕಂಪ್ಯೂಟರಿನಲ್ಲಿ ತೆರೆದಿದೆ, ನೋಡಬಹುದೇ ಹೊರತು ತಿದ್ದುವಂತಿಲ್ಲ ಎಂದು ಪರದೆ ಹೇಳುತ್ತಿತ್ತು. ಅವರು ತಮ್ಮನ ಕಡೆ ನೋಡಿದರು. ತಮ್ಮನ ಪರದೆಯೂ ಅದನ್ನೇ ಹೇಳುತ್ತಿತ್ತು. ಇಬ್ಬರೂ ನನ್ನ ಕಡೆ ತಿರುಗಿದರು. ನನ್ನ ಪರದೆಯ ಮೇಲೆ ನಾನು ಯಾವುದೋ ಗಿರಾಕಿಯ ಸ್ನಾನದಮನೆಯಲ್ಲಿದ್ದೆ. ಇನ್ನು ಉಳಿದದ್ದು ಒಂದೇ ಕಂಪ್ಯೂಟರು. ಮೊಣಕಾಲು ಸವೆದ ಭಾವ ಎರಡೆರಡು ಮೆಟ್ಟಿಲು ದಾಟಿ ಮೇಲೆ ಓಡಿದರು, ನಾವು ಹಿಂದೆ.

ಅತ್ತೆ ಕನ್ನಡಕ ಹಾಕಿಕೊಂಡು ಕಂಪ್ಯೂಟರಿನ ಮುಂದೆ ಕೂತಿದ್ದರು. ಪರದೆಯ ಮೇಲೆ ಇಸ್ಪೀಟಿರಲಿಲ್ಲ. ಭಾವ ನಗುತ್ತ, ಇದು ಯಾವುದೋ ಗಿರಾಕಿಯ ಗೋದಾಮು ಎಂದು ಶುರುಮಾಡಿ, ಮುಚ್ಚಲು ಮೌಸಿಗೆ ಕೈಹಾಕಿದರು. ಅತ್ತೆ ಅವರ ಕೈ ಮೇಲೆ ಕೈಯಿಟ್ಟು ಪಕ್ಕಕ್ಕೆ ಸರಿಸಿದರು.

"ಮುಚ್ಬೇಡ. ನಿನ್ನೆ ನೀವು ಕೆಳಗೆ ತೆರೆದಿದ್ರಿ, ನಂಗೆ ಬರೀ ನೋಡು, ಮುಟ್ಬೇಡ ಅಂತು. ಇವತ್ತು ನಾನು ಮೊದಲು ತೆಗೆದೆ. ಇದು ತೆರೆದಿರೋವರೆಗೂ ನೀವು ಗೋಡೆ ಸರಿಸೋಕಾಗಲ್ಲ."

ಭಾವ ನೆಲ ನೋಡಿದರು. ನನ್ನ ಗಂಡ, ಇನ್ನೂ ಏನೂ ನಿಶ್ಚಯವಾಗಿಲ್ಲಮ್ಮ, ಸುಮ್ಮನೆ ಗೀಚಿದ್ದು ಎಂದೇನೋ ತಡವರಿಸಿದರು. ಕಂಡವರ ಮನೆಗೆಲ್ಲ ಗಾಳಿ ಬೆಳಕಿನ ಬಗ್ಗೆ ಉಪನ್ಯಾಸ ಕೊಡುವ ಇಬ್ಬರಿಗೂ ಆಗ ಉಸಿರು ಕಟ್ಟಿದಂತಿತ್ತು. ನನಗೆ ಒಳಗೊಳಗೇ ಖುಷಿಯಾಯಿತು. ಬೇಕಾಗಿತ್ತು ಇವರಿಗೆ ಎಂದುಕೊಂಡೆ.

ಅತ್ತೆ ಅಳಲಿಲ್ಲ, ದನಿಯನ್ನೂ ಏರಿಸಲಿಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ಮನೆ ಎರಡಾಗುವುದಕ್ಕೆ ತಮ್ಮ ಅಡ್ಡಿಯಿಲ್ಲ, ಜಾಗ ಸಾಲದಿದ್ದರೆ ಮಾಡಬೇಕಾದದ್ದೇ ಎಂದರು. ಆಮೇಲೆ ಕುರ್ಚಿಯನ್ನು ನಮ್ಮ ಕಡೆ ತಿರುಗಿಸಿಕೊಂಡರು.

"ಎಷ್ಟೋ ದಿನದಿಂದ ನೋಡ್ತಿದೀನಿ. ಒಂದು ದಿನ ದೊಡ್ಡವನ ಮನೆ, ಒಂದು ದಿನ ಚಿಕ್ಕವನ ಮನೆ. ಇವತ್ತು ನಾನು ಯಾರ ಮನೇಲಿದೀನಿ? ಪರದೆ ನೋಡದೆ ಹೇಳಿ."

ಭಾವನ ಕಣ್ಣು ಅತ್ತೆಯ ಭುಜದ ಮೇಲಿಂದ ಪರದೆಯತ್ತ ಹೋಯಿತು. ನನ್ನ ಗಂಡನದೂ ಹೋಯಿತು. ಅತ್ತೆ ಅದನ್ನು ನೋಡಿ, ಅವರಿಬ್ಬರನ್ನೂ ಅಲ್ಲಿಗೇ ಬಿಟ್ಟು ನನ್ನ ಕಡೆ ತಿರುಗಿದರು.

"ನೀನಾದ್ರೂ ಹೇಳಮ್ಮ."

‘ನಮ್ಮ ಮನೇಲಿ’ ಎಂಬ ಎರಡು ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಹೇಳುವ ಮುಂಚೆ, ಗೋಡೆ ಯಾವ ಕಡೆಗಿದೆ ಎಂದು ನಾನೂ ಒಮ್ಮೆ ಬಗ್ಗಿ ನೋಡಿದೆ.