ಮುಕ್ಕಾಲು ಪಾಲು ಖಾಲಿ ಬೋರ್ಡು

ಹೇಮಲತಾ ನಂಜನಗೂಡಿನ ಒಂದು ಖಾಸಗಿ ಹೈಸ್ಕೂಲಿನ ಡ್ರಾಯಿಂಗ್ ಟೀಚರು. ಅವಳ ಬಾಡಿಗೆ ಮನೆಯ ಗೋಡೆಗಳ ತುಂಬ ಪೋಸ್ಟರುಗಳು. ಅರವತ್ತು ಎಪ್ಪತ್ತು ವರ್ಷಗಳ ಹಿಂದೆ ಸ್ವಿಟ್ಜರ್ಲೆಂಡಿನಲ್ಲೋ ಜರ್ಮನಿಯಲ್ಲೋ ಸಂಗೀತ ಕಚೇರಿಗೆಂದು ಬೀದಿಯಲ್ಲಿ ಅಂಟಿಸಿದ್ದಂಥವು. ಈಗ ಮತ್ತೆ ಅಚ್ಚು ಹಾಕಿ ಮಾರುತ್ತಾರೆ. ಚಿತ್ರವಿಲ್ಲ, ಹೂವು ಬಳ್ಳಿಯಿಲ್ಲ. ಬರೀ ಅಕ್ಷರ, ಅದರ ಸುತ್ತ ಧಾರಾಳವಾಗಿ ಖಾಲಿ ಜಾಗ. ಆರು ವರ್ಷಗಳಲ್ಲಿ ಹದಿನಾಲ್ಕು ಸೇರಿದ್ದವು. ನೋಡಿದವರೆಲ್ಲ ಏನು ಬರೆದಿದೆ ಎಂದು ಕೇಳುತ್ತಿದ್ದರು. ಅವಳಿಗೂ ಆ ಭಾಷೆ ಬರುತ್ತಿರಲಿಲ್ಲ.

ಹಾಗೆ ಕೇಳದವರು ಚಾಮಯ್ಯ ಒಬ್ಬರೇ. ಟಿ. ನರಸೀಪುರದಲ್ಲಿ ಬೋರ್ಡು ಬರೆಯುತ್ತಿದ್ದರು. ಫ್ಲೆಕ್ಸ್ ಬಂದ ಮೇಲೂ ಬ್ರಷ್ ಬಿಟ್ಟಿರಲಿಲ್ಲ. ಶಾಲೆಯ ಹೊಸ ಬೋರ್ಡಿನ ಅಳತೆ ಮಾತಾಡಲು ಅವಳ ಮನೆಗೆ ಬಂದವರು ಗೋಡೆಯ ಮುಂದೆ ನಿಂತುಬಿಟ್ಟರು.

"ಓದಾಕ್ ಬರಾಕಿಲ್ಲ ಮೇಡಂ. ಆದ್ರೂ ಕಣ್ಣು ಎಲ್ಲಿಗ್ ಓಗ್ಬೇಕೋ ಅಲ್ಲಿಗೇ ಓಯ್ತದೆ," ಎಂದರು. ಎರಡು ಅಕ್ಷರಗಳ ನಡುವೆ, ಮುಟ್ಟದೆ, ಬೆರಳು ಹಿಡಿದು ತೋರಿಸಿದರು. "ಈ ಸಂದು ನೋಡಿ. ಇಷ್ಟು ಬುಡಾಕೆ ಧೈರ್ಯ ಬೇಕು."

"ನಮ್ಮ ಬೋರ್ಡನ್ನೂ ಹೀಗೇ ಬರೀರಿ ಚಾಮಯ್ಯನವ್ರೇ. ಹೆಡ್‌ಮಾಸ್ಟರಿಗೆ ನಾನು ಹೇಳ್ತೀನಿ," ಎಂದಳು ಹೇಮಲತಾ.

ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುವುದರಲ್ಲೇ ಎರಡು ವಾರ ಕಳೆದು, ಬೋರ್ಡು ಬಂದೇಬಿಟ್ಟಿತು. ಬಿಳಿ ಹಲಗೆಯ ಕೆಳಭಾಗದ ಎಡ ಮೂಲೆಯಲ್ಲಿ, ಎರಡು ಸಾಲಿನಲ್ಲಿ ಶಾಲೆಯ ಹೆಸರು. ಕಪ್ಪು ಬಣ್ಣ, ನೆರಳಿಲ್ಲ. ಕನ್ನಡದ ಅಕ್ಷರಗಳು ಅಷ್ಟು ನಿರಾಳವಾಗಿ ನಿಂತದ್ದನ್ನು ಅವಳು ಎಲ್ಲೂ ನೋಡಿರಲಿಲ್ಲ.

ಹೆಡ್‌ಮಾಸ್ಟರ್ ನಾಗೇಂದ್ರ ಆಡಳಿತ ಮಂಡಳಿಯವರ ಮುಂದೆಯೇ ರೇಗಿದರು. "ಏನ್ರೀ ಇದು? ಮುಕ್ಕಾಲು ಬೋರ್ಡು ಖಾಲಿ! ಪೇಂಟ್ ಮುಗಿದು ಹೋಯ್ತಾ? ಯಾರ್ರೀ ಹೀಗೆ ಬರೆಯೋಕೆ ಹೇಳಿದ್ದು?"

ಚಾಮಯ್ಯ ಒಮ್ಮೆ ಹೇಮಲತಾಳ ಕಡೆ ನೋಡಿದರು. ಅವಳ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ತಲೆ ತಗ್ಗಿಸಿ ಕೈಯಲ್ಲಿದ್ದ ಹಾಜರಿ ಪುಸ್ತಕದ ಪುಟ ತಿರುವಿದಳು.

"ನಂದೇ ತಪ್ಪು ಸಾ. ತಿದ್ದಿಕೊಡ್ತೀನಿ," ಎಂದರು ಚಾಮಯ್ಯ.

ಅಂಗಳದಲ್ಲೇ ಕೂತು ಹಲಗೆಗೆಲ್ಲ ಮತ್ತೆ ಬಿಳಿ ಬಳಿದರು. ಅದು ಒಣಗಿದ ಮೇಲೆ ಈ ತುದಿಯಿಂದ ಆ ತುದಿಗೆ ಕೆಂಪು ಅಕ್ಷರ, ಹಳದಿ ನೆರಳು, ಎರಡು ಬದಿಗೆ ಎರಡು ಕಮಲ. ಮಂಡಳಿಯವರು ಭೇಷ್ ಎಂದರು. ಹೇಮಲತಾ ಸ್ಟಾಫ್ ರೂಮಿನಿಂದ ಹೊರಗೆ ಬರಲಿಲ್ಲ.

ಕೆಲಸ ಕಾಯಂ ಆಗಲು ಒಂದೂವರೆ ವರ್ಷ ಹಿಡಿಯಿತು. ಆ ಭಾನುವಾರವೇ, ಚಾಮಯ್ಯ ಬೆರಳು ಹಿಡಿದು ತೋರಿಸಿದ್ದ ಪೋಸ್ಟರನ್ನು ಸುತ್ತಿಕೊಂಡು ನರಸೀಪುರದ ಬಸ್ಸು ಹತ್ತಿದಳು. ಚಾಮಯ್ಯ ಬ್ರಷ್ ಬಿಟ್ಟು ಅಳಿಯನ ಗೊಬ್ಬರದ ಅಂಗಡಿಯಲ್ಲಿ ಕೂರುತ್ತಿದ್ದರು.

"ಅವತ್ತು ನಾನು ಬಾಯಿ ಬಿಡ್ಬೇಕಿತ್ತು," ಎಂದಳು.

"ಬುಡಿ ಮೇಡಂ. ಯೋಳಿದ್ರೆ ನಿಮ್ ಕೆಲ್ಸಕ್ಕೇ ಕುತ್ತು ಬರೋದು."

ಅವರು ಪೋಸ್ಟರನ್ನು ಚೀಲಗಳ ಮೇಲೆ ಹರಡಿ, ಬಾಗಿ, ಬಹಳ ಹೊತ್ತು ನೋಡಿದರು. ಆಮೇಲೆ ಜೋಪಾನವಾಗಿ ಸುತ್ತಿ ಅವಳ ಕೈಗೇ ಕೊಟ್ಟರು.

"ನೀವೇ ಮಡೀಕಳಿ. ಬೋರ್ಡ್ ಅಳಿಸ್ದಾಗ ನಂಗೇನೂ ಅನ್ನಿಸ್ನಿಲ್ಲ. ಎಷ್ಟೋ ಅಳಿಸಿವ್ನಿ. ನೀವು ತಲೆ ಬಗ್ಗುಸ್ಬುಟ್ರಲ್ಲ, ಅದೇ..." ಮಾತು ಮುಗಿಸದೆ, ಯೂರಿಯಾ ಕೇಳಿಕೊಂಡು ಬಂದ ರೈತನ ಕಡೆ ತಿರುಗಿದರು.

ಹೇಮಲತಾ ಆ ಪೋಸ್ಟರನ್ನು ಮತ್ತೆ ಗೋಡೆಗೆ ಹಾಕಲಿಲ್ಲ. ಹೊಸದೊಂದನ್ನು ತರಿಸಿಕೊಳ್ಳುವ ಆಸೆಯೂ ಅವಳಿಗೆ ಉಳಿಯಲಿಲ್ಲ.