ಹಿಲ್ಮಾ ಅತ್ತೆ ಬಂದ ಚಳಿಗಾಲ

ಐಲಿಗೆ ಎಂಟು ತುಂಬಿದ ವರ್ಷ ಅವಳ ಅಮ್ಮ ಸೈಮಿ ಹಿತ್ತಲ ಮೆಟ್ಟಿಲ ಮೇಲೆ ಹೆಪ್ಪುಗಟ್ಟಿದ ಮಂಜಿನಲ್ಲಿ ಜಾರಿ ಬಿದ್ದು ಬೆನ್ನುಮೂಳೆ ಮುರಿದುಕೊಂಡಳು. ದೂರದ ಡುಲೂತ್ ನಗರದ ದೊಡ್ಡಾಸ್ಪತ್ರೆಯವರು ವಸಂತ ಬರುವ ತನಕ ಅವಳು ಅಲ್ಲೇ ಮಲಗಿರಬೇಕು ಎಂದುಬಿಟ್ಟರು. ಮನೆಯಲ್ಲಿ ಉಳಿದವರು ಐಲಿ ಮತ್ತು ಅವಳ ಅಪ್ಪ ವೈನೊ, ಇಬ್ಬರೇ.

ವೈನೊ ಕಬ್ಬಿಣದ ಗಣಿಯಲ್ಲಿ ಪಾಳಿಯ ಮೇಲೆ ದುಡಿಯುವವನು. ಒಂದು ವಾರ ಹಗಲು, ಮತ್ತೊಂದು ವಾರ ಸಂಜೆ. ಮಗಳೆಂದರೆ ಅವನಿಗೆ ಪ್ರಾಣ. ಅಮ್ಮ ಹತ್ತಿರವಿಲ್ಲದ ಕೂಸು ಎಂದು ಅವಳು ಕೇಳಿದ್ದಕ್ಕೆಲ್ಲ ಹೂಂ ಎನ್ನತೊಡಗಿದ. ಬೆಳಿಗ್ಗೆ ಸಕ್ಕರೆ ಮೆತ್ತಿದ ಡೋನಟ್ಟು, ಜೊತೆಗೆ ಸೋಡಾ. ಶಾಲೆಯ ಬಾಗಿಲವರೆಗೆ ಅಪ್ಪನ ಟ್ರಕ್ಕು. ಅವನಿಗೆ ಸಂಜೆ ಪಾಳಿ ಇದ್ದಾಗ ಪಕ್ಕದ ಮನೆಯ ಮುದುಕಿ ಬಂದು ಸೋಫಾದಲ್ಲಿ ತೂಕಡಿಸುತ್ತ ಕೂರುವಳು. ಐಲಿ ಟೀವಿಯ ಮುಂದೆ ಕಣ್ಣು ಮುಚ್ಚಿಹೋಗುವ ತನಕ ಕುಳಿತು ಅಲ್ಲೇ ನೆಲದ ಮೇಲೆ ಉರುಳಿಕೊಳ್ಳುವಳು. ಪಾಳಿ ಮುಗಿಸಿ ಬಂದ ಅಪ್ಪ ಬೂಟು ಹಾಕಿದ್ದ ಹಾಗೇ ಅವಳನ್ನೆತ್ತಿ ಹಾಸಿಗೆಗೆ ಹಾಕುತ್ತಿದ್ದ.

ಕ್ರಿಸ್‌ಮಸ್ಸಿಗೆ ಮುಂಚೆ ಶಾಲೆಗೆ ಬಂದು ಹೋಗಿ ಎಂದು ವೈನೊಗೆ ಕರೆ ಬಂತು. ಒಂದು ಬಣ್ಣದ ಪೆನ್ಸಿಲಿಗಾಗಿ ಐಲಿ ಪಕ್ಕದಲ್ಲಿ ಕೂರುವ ಕ್ಯಾರಲಳ ತೋಳು ಕಚ್ಚಿದ್ದಳು. ಬೆಳಿಗ್ಗೆ ಅಳುತ್ತಾಳೆ, ಲೆಕ್ಕದ ಹೊತ್ತಿಗೆ ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ಮಾಡುತ್ತಾಳೆ, ಎಬ್ಬಿಸಿದರೆ ಮೈಮೇಲೆ ಬೀಳುತ್ತಾಳೆ ಎಂದು ಟೀಚರು ಮಿಸೆಸ್ ಪ್ರೆಬಿಲ್ ಬೇಸರದಿಂದಲೇ ಹೇಳಿದರು. ಹೋದ ವರ್ಷ ಇಷ್ಟು ಮೆತ್ತಗಿದ್ದ ಹುಡುಗಿ ಇವಳೇನಾ ಎಂದೂ ಕೇಳಿದರು. ವೈನೊ ಟೋಪಿಯನ್ನು ಕೈಯಲ್ಲಿ ತಿರುವುತ್ತ ನಿಂತಿದ್ದ. ಮನೆಗೆ ಬಂದವನೇ ಮಿಷಿಗನ್ನಿನಲ್ಲಿದ್ದ ಅಕ್ಕನಿಗೆ ಫೋನು ಮಾಡಿದ.

ಹಿಲ್ಮಾ ಮದುವೆಯಾದವಳಲ್ಲ. ಬದುಕಿನ ಬಹುಪಾಲು ರೈಲ್ವೆ ಸ್ಟೇಷನ್ನಿನ ಕಿಟಕಿಯ ಹಿಂದೆ ಟಿಕೇಟು ಹರಿದು ಕೊಟ್ಟವಳು. ಆ ಊರಿಗೆ ರೈಲು ನಿಂತ ಮೇಲೆ ಕೆಲಸವೂ ನಿಂತಿತ್ತು. ಮಕ್ಕಳನ್ನು ಸಾಕಿ ಗೊತ್ತಿಲ್ಲ. ಒಂದು ಸೂಟ್‌ಕೇಸು ಹಿಡಿದು ಬಸ್ಸಿನಿಂದ ಇಳಿದವಳು ಐಲಿಯ ಕೈಕುಲುಕಿ, ದೊಡ್ಡವರನ್ನು ಮಾತಾಡಿಸುವ ಹಾಗೆ, "ಚೆನ್ನಾಗಿದ್ದೀಯಾ?" ಎಂದಳು. ಐಲಿ ಇಲ್ಲ ಎಂದಳು. ಅತ್ತೆ ತಲೆಯಾಡಿಸಿದಳು, ಅಷ್ಟೆ.

ಮಾರನೆಯ ಬೆಳಿಗ್ಗೆ ಮೇಜಿನ ಮೇಲೆ ಓಟ್ಸ್ ಗಂಜಿ ಬಂತು, ನಡುವೆ ಒಂದು ಗುಳಿ, ಗುಳಿಯಲ್ಲಿ ಕರಗುವ ಬೆಣ್ಣೆ. ಐಲಿ ಚಮಚ ಬೀಸಿ ಎಸೆದಳು. ಅತ್ತೆ ಎದ್ದು ಚಮಚ ತೊಳೆದು ತಂದು ಮತ್ತೆ ಅಲ್ಲೇ ಇಟ್ಟು ತನ್ನ ಪಾಲಿನದನ್ನು ಉಣ್ಣತೊಡಗಿದಳು.

"ನಂಗೆ ಡೋನಟ್ ಬೇಕು."

"ಅದು ಮನೇಲಿಲ್ಲ. ಗಂಜಿ ಮುಚ್ಚಿಟ್ಟಿರ್ತೀನಿ. ಹಸಿವಾದಾಗ ತಿನ್ನು."

ವೈನೊ ಮೆಲ್ಲಗೆ ತನ್ನ ಊಟದ ಡಬ್ಬಿಯ ಮುಚ್ಚಳ ತೆರೆದ. ಅದರೊಳಗೊಂದು ಡೋನಟ್ಟಿತ್ತು. ಅಕ್ಕ ಅವನ ಕಡೆ ನೋಡಿದಳು. ಗಣಿಯಲ್ಲಿ ಹತ್ತಾರು ಆಳುಗಳಿಗೆ ಮೇಸ್ತ್ರಿಯಾಗಿದ್ದವನು ಏಟು ತಿಂದ ತಮ್ಮನ ಹಾಗೆ ಡಬ್ಬಿ ಮುಚ್ಚಿಕೊಂಡು ಎದ್ದುಹೋದ.

ಆಮೇಲೆ ನಡಿಗೆ. ಟ್ರಕ್ಕು ಬೇಡ, ಕಾಲಿಲ್ಲವೇ ನಮಗೆ ಎಂದಳು ಅತ್ತೆ. ಲುಥೆರನ್ ಚರ್ಚಿನ ಹಿಂದಿನಿಂದ, ಗಣಿಯಿಂದ ತೆಗೆದು ಸುರಿದ ಕೆಂಪು ಮಣ್ಣಿನ ದಿಬ್ಬದ ಪಕ್ಕದಿಂದ ಶಾಲೆಗೆ ದಾರಿ. ಬೆಳಕು ಇನ್ನೂ ಸರಿಯಾಗಿ ಹರಿದಿರದ ಹೊತ್ತು, ಉಸಿರು ಮಫ್ಲರಿನ ಮೇಲೇ ಹೆಪ್ಪುಗಟ್ಟುವ ಚಳಿ. ಅರ್ಧ ದಾರಿಯಲ್ಲಿ ಐಲಿ ಧೊಪ್ಪನೆ ಹಿಮದಲ್ಲಿ ಕುಳಿತಳು. ಅತ್ತೆ ಎಬ್ಬಿಸಲಿಲ್ಲ, ಗದರಲಿಲ್ಲ, ಪುಸಲಾಯಿಸಲೂ ಇಲ್ಲ. ಕೋಟಿನ ಜೇಬಿಗೆ ಕೈ ಹಾಕಿಕೊಂಡು, ತಡವಾದ ರೈಲಿಗೆ ಕಾಯುವವಳ ಹಾಗೆ ದಾರಿಯ ಕೊನೆ ನೋಡುತ್ತ ನಿಂತಳು. ಕುಂಡಿ ಮರಗಟ್ಟಿದ ಮೇಲೆ ಐಲಿ ತಾನೇ ಎದ್ದಳು. ಅವತ್ತು ಮಧ್ಯಾಹ್ನ ಶಾಲೆಯಲ್ಲಿ ಕೊಟ್ಟದ್ದನ್ನೆಲ್ಲ ತಟ್ಟೆ ನೆಕ್ಕಿ ತಿಂದಳು. ಮನೆಗೆ ಬಂದು ಆ ಗಂಜಿಯನ್ನೂ ತಿಂದಳು.

ಸಂಜೆಯ ಊಟ ಬೆಳಕಿರುವಾಗಲೇ. ಆಲೂಗಡ್ಡೆ ಹಾಕಿದ ಮೀನಿನ ಸಾರು, ರೈ ಎಂಬ ಧಾನ್ಯದ ರೊಟ್ಟಿ. ಊಟವಾದದ್ದೇ ಅತ್ತೆ ಟೀವಿಯ ಮೇಲೊಂದು ಮೇಜುಬಟ್ಟೆ ಹೊದಿಸಿ ಪೇಪರು ಓದುವಳು. ಐಲಿಗೆ ಶಿಕ್ಷೆ ಕೊಡಲಿಕ್ಕಲ್ಲ, ಅತ್ತೆಗೇ ಆ ಗಲಾಟೆ ಆಗುತ್ತಿರಲಿಲ್ಲ. ಎಂಟಾಯಿತೆಂದರೆ ದೀಪ ಆರಿಸಿ ತಾನೂ ಮಲಗಿಬಿಡುವಳು. ಕತ್ತಲ ಮನೆಯಲ್ಲಿ ಒಬ್ಬಳೇ ಎದ್ದಿದ್ದು ಮಾಡುವುದಾದರೂ ಏನು? ಐಲಿಯೂ ಮಲಗಿದಳು. ಮೊದಮೊದಲು ಗೋಡೆ ಒದೆಯುತ್ತಿದ್ದಳು. ಶನಿವಾರ ಹಿತ್ತಲಿನ ಸೌನಾದಲ್ಲಿ, ಆ ಹಬೆಸ್ನಾನದ ಕೋಣೆಯಲ್ಲಿ, ಒಲೆ ಹಾಕಿ ಬೆವರಿಳಿಯುವ ತನಕ ಕೂತು ಮೈ ತೊಳೆದುಕೊಂಡು ಬಂದರೆ, ಆ ರಾತ್ರಿ ಗೋಡೆಗೂ ಬಿಡುವು.

ಎಲ್ಲ ಒಂದೇ ಸಲ ನೆಟ್ಟಗಾಗಲಿಲ್ಲ. ಫೆಬ್ರವರಿಯಲ್ಲಿ ವೈನೊ ಮಗಳನ್ನು ಗಣಿ ಕಾರ್ಮಿಕರ ಯೂನಿಯನ್ ಸಭಾಂಗಣದ ಪಾರ್ಟಿಗೆ ಕರೆದೊಯ್ದು, ಕೇಳಿದಷ್ಟು ಮಿಠಾಯಿ ಕೊಡಿಸಿ, ತಡವಾಗಿ ಮನೆಗೆ ಕರೆತಂದ. ಮರುದಿನ ಐಲಿ ಕ್ಯಾರಲಳ ಟೋಪಿಯನ್ನು ಕಿಟಕಿಯಿಂದಾಚೆ ಎಸೆದಳು. ಸುದ್ದಿ ಕೇಳಿದ ಹಿಲ್ಮಾ ತಮ್ಮನನ್ನು ಬಯ್ಯಲಿಲ್ಲ. ಆ ಸಂಜೆ ಸಾರು ಬಡಿಸುವಾಗ, ಅವನ ಬಟ್ಟಲಿಗೆ ಮಾತ್ರ ಮೀನಿನ ತುಂಡಿಲ್ಲದೆ ಬರೀ ತಲೆ ಹಾಕಿದಳು.

ಶಾಲೆಯ ದಾರಿಯುದ್ದಕ್ಕೂ ಅತ್ತೆಯದು ಮೌನ. ಆ ಮೌನವನ್ನು ತಾಳಲಾರದೆ ಐಲಿಯೇ ಮಾತು ತೆಗೆಯತೊಡಗಿದಳು. ಮೊದಲು ನಾಯಿಗಳ ಬಗ್ಗೆ, ಆಮೇಲೆ ಲೆಕ್ಕದ ಬಗ್ಗೆ, ಕ್ಯಾರಲಳ ಹತ್ತಿರ ಇರುವ ಗೊಂಬೆಯ ಬಗ್ಗೆ. ಎಷ್ಟೋ ವರ್ಷಗಳ ನಂತರ, ಮುದುಕಿಯಾದ ಅತ್ತೆಯನ್ನು ನೋಡಲು ಹೋದಾಗ ಐಲಿ, ನಿನ್ನ ಮೌನವೇ ನನ್ನನ್ನು ಹಾದಿಗೆ ತಂದಿತು ಎಂದಿದ್ದಳು. ಹಿಲ್ಮಾ ನಕ್ಕುಬಿಟ್ಟಳು. ಮಕ್ಕಳ ಹತ್ತಿರ ಏನು ಮಾತಾಡಬೇಕೋ ತನಗೆ ಗೊತ್ತಿರಲಿಲ್ಲವಂತೆ. ಮೊದಲ ವಾರವೆಲ್ಲ ಇವಳು ತನ್ನನ್ನೂ ಕಚ್ಚುತ್ತಾಳೆಂಬ ಹೆದರಿಕೆಯಂತೆ.

ಒಂದು ಬೆಳಿಗ್ಗೆ ಕೆಂಪು ದಿಬ್ಬದ ಪಕ್ಕ ಐಲಿ ಕೇಳಿದಳು: "ಅತ್ತೆ, ಅಮ್ಮ ಸತ್ತೋಗಿದಾಳಾ?"

ಹಿಲ್ಮಾ ನಿಂತಳು. "ಇಲ್ಲ. ಯಾರಂದ್ರು?"

"ಯಾರೂ ಅನ್ಲಿಲ್ಲ. ಮತ್ತೆ ಅಪ್ಪ ಯಾಕೆ ನನ್ನ ಕರ್ಕೊಂಡ್ ಹೋಗಲ್ಲ?"

"ಅವನಿಗೆ ಭಯ. ಅಮ್ಮನ ಮೈತುಂಬ ಕಟ್ಟು ಹಾಕಿದಾರೆ, ನೋಡಿ ನೀನು ಅಳ್ತೀಯ ಅಂತ."

"ಅಳ್ತೀನಿ."

"ಅಳು ಬಂದ್ರೆ ಅಳು. ಅದಕ್ಕೇನು. ಭಾನುವಾರ ಬಸ್ಸಿದೆ, ಹೋಗೋಣ."

ಡುಲೂತಿನಲ್ಲಿ, ಮಕ್ಕಳನ್ನು ಒಳಗೆ ಬಿಡುವುದಿಲ್ಲ ಎಂದಳು ನರ್ಸು. ಹಿಲ್ಮಾ ವಾದ ಮಾಡಲಿಲ್ಲ. ಬೆಂಚಿನ ಮೇಲೆ ಕುಳಿತು, ಐಲಿಗೆ ಬ್ರೆಡ್ಡು ಚೀಸು ಕೊಟ್ಟು, ಪೇಪರು ಬಿಚ್ಚಿದಳು. ಮಧ್ಯಾಹ್ನವಾದರೂ ಇಬ್ಬರೂ ಕದಲದಿರುವುದನ್ನು ಕಂಡು ನರ್ಸೇ ಸೋತು, ಸದ್ದು ಮಾಡಬಾರದು ಎಂದು ಕರೆದೊಯ್ದಳು. ಸೈಮಿ ಕುತ್ತಿಗೆಯಿಂದ ಸೊಂಟದವರೆಗೆ ಪ್ಲಾಸ್ಟರಿನಲ್ಲಿದ್ದಳು. ಐಲಿ ಬಾಗಿಲಲ್ಲೇ ಅತ್ತಳು. ಆಮೇಲೆ ಹತ್ತಿರ ಹೋಗಿ ಪ್ಲಾಸ್ಟರನ್ನು ಬೆರಳಿನಿಂದ ತಟ್ಟಿ ನೋಡಿದಳು. ಬೆಳಿಗ್ಗೆ ಏನು ತಿಂದೆ ಎಂದು ಅಮ್ಮ ಕೇಳಿದಳು.

"ಗಂಜಿ."

"ನೀನಾ?" ಸೈಮಿಗೆ ನಗು ತಡೆಯಲಾಗಲಿಲ್ಲ. ನಕ್ಕರೆ ನೋವು, ನೋವಿಗೆ ಕಣ್ಣೀರು. "ಅತ್ತಿಗೆ, ನಗಿಸಬೇಡಿ ಅಂತ ಇವಳಿಗೆ ಹೇಳಿ."

ಅಂದಿನಿಂದ ಭಾನುವಾರಗಳೆಲ್ಲ ಡುಲೂತಿನ ಬಸ್ಸಿನವಾದವು. ಎರಡನೆಯ ಸಲ ವೈನೊ ಕೂಡ ಬಂದ. ಬರುವಾಗ ದಾರಿಯುದ್ದಕ್ಕೂ ಮಗಳ ಕೈ ಬಿಡಲಿಲ್ಲ. ಮಾರ್ಚಿನ ಕೊನೆಗೆ ಮಿಸೆಸ್ ಪ್ರೆಬಿಲ್ ದಾರಿಯಲ್ಲಿ ಹಿಲ್ಮಾಳನ್ನು ನಿಲ್ಲಿಸಿ ಮಾತಾಡಿಸಿದರು. ಐಲಿ ಈಗಲೂ ಹಟಮಾರಿಯೇ, ಆದರೆ ಬಯ್ದರೆ ಕೇಳಿಸಿಕೊಳ್ಳುತ್ತಾಳೆ, ಕ್ಯಾರಲಳ ಜೊತೆ ಕೂತು ಉಣ್ಣುತ್ತಾಳೆ ಎಂದರು. ಯಾವ ಡಾಕ್ಟರಿಗೆ ತೋರಿಸಿದಿರಿ ಎಂದೂ ಕೇಳಿದರು. ತೋರಿಸಲಿಲ್ಲ, ಹೊತ್ತಿಗೆ ಉಣ್ಣುವುದು ಮಲಗುವುದು ರೂಢಿಯಾಯಿತು ಎಂದಳು ಹಿಲ್ಮಾ.

ಊರ ಕೆರೆಯ ಮೇಲಿನ ಮಂಜುಗಡ್ಡೆ ಒಡೆದ ವಾರ ಸೈಮಿ ಕೋಲೂರಿಕೊಂಡು ಮನೆಗೆ ಬಂದಳು. ಅವಳು ಮೆಟ್ಟಿಲು ಹತ್ತಿ ಇಳಿಯುವಂತಾದ ಮೇಲೆ ಹಿಲ್ಮಾ ಸೂಟ್‌ಕೇಸು ಕಟ್ಟಿದಳು. ಬಸ್ಸು ಹೊರಟಾಗ ಐಲಿ ಅದರ ಹಿಂದೆ ಅಂಚೆ ಕಚೇರಿಯ ತನಕ ಓಡಿದಳು. ಅತ್ತೆ ತಿರುಗಿ ನೋಡಿದಳೋ ಇಲ್ಲವೋ, ಕಿಟಕಿಯ ಗಾಜಿನ ತುಂಬ ಬಿಸಿಲಿತ್ತು, ಕಾಣಲಿಲ್ಲ.

ವೈನೊ ಮೇಲಿನವರನ್ನು ಕಾಡಿಬೇಡಿ ಹಗಲು ಪಾಳಿಯನ್ನೇ ಕಾಯಂ ಮಾಡಿಸಿಕೊಂಡ. ಸಂಬಳ ಒಂದಿಷ್ಟು ಕಡಿಮೆಯಾಯಿತು. ಮೂವರೂ ಒಟ್ಟಿಗೆ ಕೂತು ಉಣ್ಣುವಂತಾಯಿತು. ಈಗ ಅರವತ್ತು ದಾಟಿದ ಐಲಿಗೆ ಎಲ್ಲಕ್ಕಿಂತ ಹೆಚ್ಚು ನೆನಪಾಗುವುದು ಆ ಬೇಸಿಗೆಯ ಸಂಜೆಗಳು. ಉತ್ತರದ ಜೂನಿನಲ್ಲಿ ಎಂಟು ಗಂಟೆಗೂ ಹೊತ್ತು ಮುಳುಗುವುದಿಲ್ಲ. ಬೀದಿಯಲ್ಲಿ ಉಳಿದ ಮಕ್ಕಳು ಇನ್ನೂ ಚೆಂಡಾಡುತ್ತಿರುವಾಗಲೇ ಅವಳು ಹೊಟ್ಟೆ ತುಂಬ ಉಂಡು ಹಾಸಿಗೆ ಸೇರಿರುತ್ತಿದ್ದಳು. ಪರದೆಯ ಸಂದಿಯಿಂದ ಬೆಳಕಿನ ಒಂದು ಗೆರೆ ಗೋಡೆಯ ಮೇಲೆ ಬೀಳುತ್ತಿತ್ತು. ಅಡುಗೆಮನೆಯಲ್ಲಿ ಅಪ್ಪ ಪಾತ್ರೆ ಒರೆಸುತ್ತ, ಅಮ್ಮ ಕುರ್ಚಿಯಲ್ಲಿ ಕೂತು, ತಮ್ಮ ಹಿರಿಯರ ಫಿನ್ನಿಷ್ ಭಾಷೆಯಲ್ಲಿ ಏನೋ ಮಾತಾಡಿಕೊಳ್ಳುತ್ತಿದ್ದರು. ಏನೆಂದು ಕೇಳಿಸಿಕೊಳ್ಳಬೇಕು ಅಂದುಕೊಳ್ಳುವಳು. ಅಷ್ಟರಲ್ಲಿ ನಿದ್ದೆ ಬಂದುಬಿಡುತ್ತಿತ್ತು.