ಬೆರಳು ತೋರಿಸಬಾರದ ಜಾಗ

ಎಲ್ಲವನ್ನೂ ಒಮ್ಮೆಗೇ ಅಳಿಸುವ ಗುಂಡಿ ಇರುವಾಗ ನಕ್ಷೆಯನ್ನು ತೆರೆಯುವ ಅಗತ್ಯವೇನಿದೆ? ಆದರೆ ಏನಿತ್ತೆಂದು ನೋಡದೆ, ಅದು ಅಳಿಯಿತೆಂದು ಹೇಳುವುದು ಹೇಗೆ? ಎರಡನೆಯದು ಬರೀ ನೆಪವೆಂದು ಮಿಲನ್‌ಗೆ ಗೊತ್ತಿತ್ತು. ಆದರೂ ಅವನ ಬೆರಳು ಫೋನಿನ ಗಾಜಿನ ಮೇಲೆ ತಡೆದು ನಿಂತಿತ್ತು.

ಫೋನು ಪ್ರೇಮಾವತಿ ದೊಡ್ಡಮ್ಮನದು. ಮನೆಗೆ ನುಗ್ಗಿದ ಹಾವನ್ನು ನೋಡುವಂತೆ ಅವರು ಅದನ್ನು ದೂರದಿಂದ ನೋಡುತ್ತಿದ್ದರು. ಭಾಗಮಂಡಲದ ಮೇಲಿನ ಕಾಡಿನಲ್ಲಿ, ಗುಡುಗಿದ ಮರುದಿನ ಹುತ್ತದ ಸುತ್ತ ಅಣಬೆ ಏಳುವ ಒಂದು ಜಾಗ ಅವರಿಗೆ ಗೊತ್ತು. ಅಂಥ ಜಾಗವನ್ನು ಬಾಯಿಬಿಟ್ಟು ಹೇಳಬಾರದು, ಬೆರಳು ತೋರಿಸಬಾರದು. ತೋರಿಸಿದರೆ ಮರುವರ್ಷ ಏಳುವುದಿಲ್ಲ. ಮನಸ್ಸಿಗೆ ಬಂದ ಒಬ್ಬರನ್ನು ಜೊತೆಗೆ ನಡೆಸಿಕೊಂಡು ಹೋಗಬೇಕು, ಅಷ್ಟೆ. ತನ್ನನ್ನು ಎಂದಾದರೂ ಕರೆಯುತ್ತಾರೆಂದು ಮಿಲನ್ ಚಿಕ್ಕಂದಿನಿಂದ ಕಾದಿದ್ದ. ಕೇಳುವಂತಿರಲಿಲ್ಲ.

ಹೋದ ವಾರ, ಆನೆಯ ಭಯಕ್ಕೆ, ದೊಡ್ಡಮ್ಮ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅಲ್ಲಿಗೆ ಹೋಗಿದ್ದರು. ಇವತ್ತು ಬೆಳಗ್ಗೆ ಅದು ಯಾರೂ ಕೇಳದೆಯೇ, ‘ನೀವು ಹೋಗಿದ್ದ ಸ್ಥಳಗಳು’ ಎಂದು ಸಾರಿತ್ತು.

“ಇಷ್ಟು ವರ್ಷ ಸಂಸಾರ ಮಾಡಿದ ನಂಗೆ ತೋರಿಸ್ಲಿಲ್ಲ,” ದೊಡ್ಡಪ್ಪ ಪೂವಯ್ಯ ಒಳಗಿನಿಂದ ಕೂಗಿದರು. “ಆ ಡಬ್ಬಕ್ಕೆ ತೋರಿಸಿ ಬಂದಿದ್ದಾಳೆ!”

“ನಿಮ್ಗೆ ತೋರಿಸಿದ್ರೆ ಸಂಜೆಯೊಳಗೆ ಬಸ್‌ಸ್ಟ್ಯಾಂಡಿಗೆಲ್ಲ ಗೊತ್ತಾಗ್ತಿತ್ತು.” ದೊಡ್ಡಮ್ಮ ಮಿಲನ್ ಕಡೆ ತಿರುಗಿದರು. “ಅದ್ರ ಕಣ್ಣು ಮುಚ್ಚಿಸು ಮಗ. ನೀನೂ ನೋಡ್ಬೇಡ.”

“ನೋಡದೆ ಹೇಗೆ ಅಳಿಸೋದು ದೊಡ್ಡಮ್ಮ?”

“ಅಷ್ಟು ಓದಿದ್ದೀಯಲ್ಲ, ಅಷ್ಟೂ ಗೊತ್ತಿಲ್ವಾ?” ಎಂದು ಅವರು ಕಾಫಿಗೆ ನೀರಿಡಲು ಎದ್ದು ಹೋದರು.

ಉಳಿದದ್ದನ್ನೆಲ್ಲ ಅವನು ಆಗಲೇ ಮುಚ್ಚಿದ್ದ. ಟಾರ್ಚಿನ ಆಪ್‌ಗೆ ದೊಡ್ಡಮ್ಮ ಇರುವ ಸ್ಥಳ ಬೇಕಿತ್ತು. ಪಂಚಾಂಗದ ಆಪ್‌ಗೆ ಮೈಕು ಬೇಕಿತ್ತು, ನೆಂಟರ ನಂಬರುಗಳೆಲ್ಲ ಬೇಕಿದ್ದವು. ಜಾಹೀರಾತಿಗೆಂದು ಇಟ್ಟಿದ್ದ ಗುರುತಿನ ಸಂಖ್ಯೆಯನ್ನೂ ತೆಗೆದುಹಾಕಿದ್ದ. ಒಂದೊಂದನ್ನು ಮುಚ್ಚಿದಾಗಲೂ, ಇಷ್ಟು ದಿನ ಜಗಲಿಯಲ್ಲಿ ಕಾಣದೆ ಕುಳಿತಿದ್ದ ಯಾರೋ ಒಬ್ಬರು ಎದ್ದು, ಮಂಜಿನೊಳಗೆ ಇಳಿದು ಹೋದಂತೆ ಅನಿಸುತ್ತಿತ್ತು. ಮನೆ ಮೆಲ್ಲಗೆ ಖಾಲಿಯಾಗುತ್ತಿತ್ತು. ಕೊನೆಗೆ ಉಳಿದವನು ತಾನೊಬ್ಬನೇ.

ಅವನು ನಕ್ಷೆ ತೆರೆದ.

ನೀಲಿ ಗೆರೆಯೊಂದು ಮನೆಯಿಂದ ಹೊರಟು, ತೋಡಿನ ನೀರು ದಾಟಿ, ಬಂಡೆಯೊಂದರ ಬಳಿ ದಾರಿಯಿಲ್ಲದ ಕಡೆ ಎಡಕ್ಕೆ ಹೊರಳಿ, ಹೆಸರಿಲ್ಲದ ಹಸಿರಿನಲ್ಲಿ ನಿಂತಿತ್ತು. ಒಂದು ಉಸಿರಿನಷ್ಟು ಹೊತ್ತು ನೋಡಿದ. ಆಮೇಲೆ ಎಲ್ಲವನ್ನೂ ಅಳಿಸಿದ, ಮುಂದೆ ಎಂದೂ ದಾಖಲಾಗದಂತೆ ನಿಲ್ಲಿಸಿದ.

“ಹೋಯ್ತಾ?” ದೊಡ್ಡಮ್ಮ ಕಾಫಿಲೋಟ ಮುಂದಿಟ್ಟರು.

“ಹೋಯ್ತು.”

ನೋಡಿದೆಯಾ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಹಗುರವಾಗುತ್ತಿತ್ತು.

ಮತ್ತೆ ಗುಡುಗಿದ ಮರುದಿನ ಬೆಳಗ್ಗೆ ಅವರು ಬುಟ್ಟಿ ಹಿಡಿದು ಅವನ ಬಾಗಿಲಿಗೆ ಬಂದರು. “ಫೋನ್ ಬಿಟ್ಟು ಬಾ,” ಎಂದರು.

ಮಂಜಿನಲ್ಲಿ ಮರಗಳು ಅರ್ಧಕ್ಕೇ ಮುಗಿದಿದ್ದವು. ಮುಂದೆ ದೊಡ್ಡಮ್ಮನ ಬೆನ್ನು ಒಮ್ಮೆ ಕಾಣುತ್ತಿತ್ತು, ಒಮ್ಮೆ ಇಲ್ಲವಾಗುತ್ತಿತ್ತು. ತಾನು ನಡೆಯುತ್ತಿದ್ದೇನೋ, ಯಾರದೋ ಕನಸಿನೊಳಗೆ ಸಾಗುತ್ತಿದ್ದೇನೋ ಅವನಿಗೆ ತಿಳಿಯುತ್ತಿರಲಿಲ್ಲ. ಬಂಡೆಯ ಹತ್ತಿರ ಅವರು ಸೀರೆಗೆ ಅಂಟಿದ ಜಿಗಣೆ ತೆಗೆಯಲು ನಿಂತರು. ಅವನು ಯೋಚಿಸದೆಯೇ ಎಡಕ್ಕೆ ಹೊರಳಿ ಮುಂದೆ ಹೋದ.

ಹಿಂದೆ ಏನೂ ಸದ್ದಿಲ್ಲ. ತಿರುಗಿದ.

ದೊಡ್ಡಮ್ಮ ಅವನನ್ನೇ ನೋಡುತ್ತಿದ್ದರು. ಅವರ ಕಣ್ಣು ತುಂಬಿತ್ತು.

“ನನ್ನ ಅತ್ತೆ ಹೇಳ್ತಿದ್ರು,” ಎಂದರು ಮೆಲ್ಲಗೆ. “ಸರಿಯಾದೋರು ಬಂದ್ರೆ ಜಾಗವೇ ಕರೀತದಂತೆ. ನನ್ನನ್ನ ಕರೀಲಿಲ್ಲ ಮಗ. ನಿನ್ನನ್ನ ಕರೀತು.”

ಹುತ್ತದ ಸುತ್ತ ಬೆಳ್ಳಗೆ ಅಣಬೆ ಎದ್ದಿತ್ತು. ಮೊದಲನೆಯದನ್ನು ಅವನ ಕೈಯಿಂದಲೇ ಕೀಳಿಸಿದರು. ಅಲ್ಲಿಂದೀಚೆಗೆ ಆ ಕಾಡಿಗೆ ಹೋದಾಗಲೆಲ್ಲ ಅವನನ್ನು ಮುಂದೆ ಬಿಟ್ಟು ತಾವು ಹಿಂದೆ ನಡೆದರು.

ಆ ತಿರುವನ್ನು ಫೋನಿನಲ್ಲಿ ನೋಡಿದ್ದೆನೆಂದು ಮಿಲನ್ ಅವರಿಗೆ ಎಂದೂ ಹೇಳಲಿಲ್ಲ.